ಡಲ್ಲಾಸ್ ಗ್ರಂಥಾಲಯದ ಲೋಹಶಿಲ್ಪ: ಒಂದು ತಕರಾರಿನ ಮರುವಿಚಾರಣೆ

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ 1955ರಲ್ಲಿ ಹೊಸ ಸಾರ್ವಜನಿಕ ಗ್ರಂಥಾಲಯ ತೆರೆದಾಗ, ಪುಸ್ತಕ ಎರವಲು ಕೊಡುವ ಕೌಂಟರಿನ ಮೇಲೆ ತೂಗುಹಾಕಿದ್ದ ಅಮೂರ್ತ ಲೋಹಶಿಲ್ಪವೊಂದು ದೊಡ್ಡ ರಂಪಕ್ಕೆ ಕಾರಣವಾಯಿತು. ಅದನ್ನು ರೂಪಿಸಿದವರು ಹ್ಯಾರಿ ಬರ್ಟೋಯಾ, ಮಾಡಿಸಿದವರು ಕಟ್ಟಡದ ವಾಸ್ತುಶಿಲ್ಪಿ ಜಾರ್ಜ್ ಡಾಲ್. ಮೇಯರ್ ಆರ್. ಎಲ್. ಥಾರ್ನ್‌ಟನ್ ಅದನ್ನು ಗುಜರಿ ಎಂದು ಜರೆದರು, ಅಗ್ಗದ ಬೆಸುಗೆ ಕೆಲಸವೆಂದರು. ಡಾಲ್ ತಮ್ಮ ಕೈಯಿಂದಲೇ ಹಣ ತೆತ್ತು ಶಿಲ್ಪವನ್ನು ಮನೆಗೆ ಒಯ್ದರು. ಆಮೇಲೆ ನಾಗರಿಕರು ದೇಣಿಗೆ ಕೂಡಿಸಿ, ಅದನ್ನು ಕೊಂಡು ಗ್ರಂಥಾಲಯಕ್ಕೇ ಮರಳಿಸಿದರು.

ಈ ಪ್ರಸಂಗವನ್ನು ಆ ಕಾಲದ ಕಮ್ಯುನಿಸ್ಟ್ ಭೀತಿಯ ಲೆಕ್ಕಕ್ಕೆ ಸೇರಿಸಿಬಿಡುವುದು ಸುಲಭ. ಮರುವರ್ಷವೇ ಇದೇ ಗ್ರಂಥಾಲಯ ಪಿಕಾಸೊನ ಕೃತಿಯನ್ನು ಪ್ರದರ್ಶನದಿಂದ ತೆಗೆಯಿತು ಎಂಬುದು ನಿಜ. ಆದರೆ ಅಲ್ಲಿ ಆಕ್ಷೇಪವಿದ್ದದ್ದು ಕಲಾವಿದನ ಪಕ್ಷದ ಬಗ್ಗೆ, ಇಲ್ಲಿ ಕೃತಿಯ ಮೈಯ ಬಗ್ಗೆ. ಬರ್ಟೋಯಾ ಉಕ್ಕಿನ ಫಲಕಗಳನ್ನು ಬಿಡಿಬಿಡಿಯಾಗಿ ಜೋಡಿಸಿ, ಅವುಗಳ ಮೇಲೆ ಹಿತ್ತಾಳೆಯಂಥ ಲೋಹಗಳನ್ನು ಕರಗಿಸಿ ಹರಿಸುತ್ತಿದ್ದರು. ಹರಿದ ಲೋಹ ಗಂಟುಗಂಟಾಗಿ, ತೊಟ್ಟುತೊಟ್ಟಾಗಿ ಹೆಪ್ಪುಗಟ್ಟಿದ್ದನ್ನು ಅರದಿಂದ ಉಜ್ಜಿ ಮರೆಮಾಚಲಿಲ್ಲ. ಬೆಳಕು ಆ ಒರಟು ಮೈಯಲ್ಲಿ ಚದುರಿ, ಫಲಕಗಳ ಸಂದುಗಳಲ್ಲಿ ಹಾದುಹೋಗುತ್ತದೆ. ಮೇಯರ್ ಬೆಸುಗೆಯನ್ನು ಸರಿಯಾಗಿಯೇ ಗುರುತಿಸಿದ್ದರು, ಅದು ಕಾರ್ಖಾನೆಗಷ್ಟೇ ಸಲ್ಲುವ ಕೆಲಸವೆಂದು ಭಾವಿಸಿದ್ದು ತಪ್ಪು.

ತೆರಿಗೆದಾರರ ಹಣವನ್ನು ಅವರನ್ನು ಕೇಳದೆ ಖರ್ಚು ಮಾಡಬಹುದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 1954ರಲ್ಲಿ ನ್ಯೂಯಾರ್ಕಿನ ಮ್ಯಾನುಫ್ಯಾಕ್ಚರರ್ಸ್ ಟ್ರಸ್ಟ್ ಬ್ಯಾಂಕು ಬರ್ಟೋಯಾರಿಂದಲೇ ಸುಮಾರು 70 ಅಡಿ ಉದ್ದದ ಲೋಹದ ತೆರೆ ಮಾಡಿಸಿಕೊಂಡಿತ್ತು, ಆದರೆ ಅದು ಬ್ಯಾಂಕಿನ ಸ್ವಂತ ದುಡ್ಡು. ಸ್ವತಃ ಬ್ಯಾಂಕರ್ ಆಗಿದ್ದ ಥಾರ್ನ್‌ಟನ್‌ಗೆ ಈ ವ್ಯತ್ಯಾಸ ಗೊತ್ತಿಲ್ಲದ್ದೇನಲ್ಲ. ಆದರೂ ಗ್ರಂಥಾಲಯದ ಒಂದೊಂದು ಪುಸ್ತಕವನ್ನೂ ತೆರಿಗೆದಾರರ ಒಪ್ಪಿಗೆ ಪಡೆದು ಕೊಳ್ಳುವುದಿಲ್ಲ. ಹಾಗೆ ಮಾಡಿದರೆ ಕಪಾಟು ಅರ್ಧ ಖಾಲಿಯಾಗುತ್ತದೆ. ಇಷ್ಟವಿಲ್ಲದ ಪುಸ್ತಕವನ್ನು ತೆರೆಯದೆ ಬಿಡಬಹುದು, ತಲೆಯ ಮೇಲೆ ತೂಗುವ ಶಿಲ್ಪವನ್ನು ಬಿಡುವುದು ಹೇಗೆ ಎಂದು ಕೇಳಬಹುದು. ನನ್ನ ಮಟ್ಟಿಗೆ ಇದೇ ಗಟ್ಟಿಯಾದ ಪ್ರಶ್ನೆ, ಅಮೂರ್ತಕಲೆಯ ಪರವಾದ ವಾದ ಹುಟ್ಟುವುದೂ ಇಲ್ಲಿಂದಲೇ. ಪೀಠದ ಮೇಲಿನ ಮಹಾಪುರುಷನ ಪ್ರತಿಮೆ ಯಾರನ್ನು ಗೌರವಿಸಬೇಕೆಂದು ಮೊದಲೇ ತೀರ್ಮಾನಿಸಿರುತ್ತದೆ, ಚರಿತ್ರೆಯ ಭಿತ್ತಿಚಿತ್ರ ಯಾವ ಕಥೆ ನಂಬಬೇಕೆಂದು ಹೇಳುತ್ತದೆ. ಬರ್ಟೋಯಾರ ಫಲಕಗಳಲ್ಲಿ ನಾಯಕನಿಲ್ಲ, ಕಥೆಯಿಲ್ಲ. ಕಣ್ಣು ತಪ್ಪಿಸಲಾಗದ ಕಲಾಕೃತಿಗಳಲ್ಲಿ ಓದುಗನ ಮೇಲೆ ಅತಿ ಕಡಿಮೆ ಹೇರುವಂಥದ್ದು ಇದೇ. ಓದುಗ ಏನನ್ನು ಯೋಚಿಸಬೇಕೆಂದು ನಿರ್ಧರಿಸದಿರುವುದು ಸಾರ್ವಜನಿಕ ಗ್ರಂಥಾಲಯದ ಮೂಲಧರ್ಮವಾದರೆ, ಅದರ ಗೋಡೆಗೆ ಇದಕ್ಕಿಂತ ಹೊಂದುವ ಕಲೆ ಬೇರೆಯಿಲ್ಲ.

ಒಡೆತನದ ವಿಷಯದಲ್ಲೂ ಡಲ್ಲಾಸ್ ಕಲಿಸುವುದಿದೆ. ನ್ಯೂಯಾರ್ಕಿನ ತೆರೆಯನ್ನು 2010ರಲ್ಲಿ ಅದರ ಒಡೆಯರಾದ ಬ್ಯಾಂಕಿನವರು ಬಿಚ್ಚಿಸಿದರು. ಪರಂಪರೆಪ್ರಿಯರು ಹೋರಾಡಿದ ಮೇಲೆ 2012ರಲ್ಲಿ ಅದು ವಾಪಸು ಬಂತು. ಡಲ್ಲಾಸಿನದು ಊರವರ ಕೊಡುಗೆಯಾಗಿ ಗ್ರಂಥಾಲಯದ ಸ್ವತ್ತಾಯಿತು. ಹಳೆಯ ಕಟ್ಟಡವನ್ನು ಗ್ರಂಥಾಲಯ ತೊರೆದರೂ, 1982ರಲ್ಲಿ ತೆರೆದ ಕೇಂದ್ರ ಗ್ರಂಥಾಲಯದಲ್ಲಿ ಅದಕ್ಕೆ ಜಾಗ ಸಿಕ್ಕಿತು.