ಕಟ್ಟಿದ ದವಡೆ, ಮರೆತ ಭುಜ

2002ರ ಮೇ ತಿಂಗಳಲ್ಲಿ ಆಂಟಿಗಾದ ಸೇಂಟ್ ಜಾನ್ಸ್ ಮೈದಾನದಲ್ಲಿ ಮರ್ವಿನ್ ಡಿಲ್ಲನ್ ಎಸೆದ ಚೆಂಡು ಅನಿಲ್ ಕುಂಬ್ಳೆಯವರ ದವಡೆ ಮುರಿಯಿತು. ಮುಖದ ಸುತ್ತ ಬ್ಯಾಂಡೇಜ್ ಬಿಗಿದುಕೊಂಡು ಅವರು ಮತ್ತೆ ಮೈದಾನಕ್ಕಿಳಿದರು, 14 ಓವರ್ ಎಸೆದರು, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿದರು, ಆಮೇಲೆ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ದಾರಿ ಹಿಡಿದರು. ಕರ್ನಾಟಕದಲ್ಲಿ ಕ್ರಿಕೆಟ್ ನೋಡುವ ಯಾರನ್ನು ಕೇಳಿದರೂ ಈ ಚಿತ್ರ ಕಣ್ಣಮುಂದೆ ಬರುತ್ತದೆ. ಬರಬೇಕಾದದ್ದೇ. ಆದರೆ ಇದಕ್ಕೂ ಮುಂಚೆ, 2000ದ ಕೊನೆಯಲ್ಲಿ, ಇದೇ ಕುಂಬ್ಳೆ ಭುಜದ ನೋವಿನಿಂದ ಆಟ ಬಿಟ್ಟು, ಶಸ್ತ್ರಚಿಕಿತ್ಸೆಗೆ ಒಳಗಾಗಿ, 2001ರ ಬಹುಭಾಗ ತಂಡದಿಂದ ಹೊರಗಿದ್ದರು. ಆಗ ಅವರಿಗೆ ಮೂವತ್ತು ವರ್ಷ. ಬೌಲರನ ಪಾಲಿಗೆ ಎರಡರಲ್ಲಿ ನಿಜವಾದ ಕುತ್ತು ದವಡೆಯದಲ್ಲ, ಭುಜದ್ದು. ದವಡೆ ಕೆಲವು ವಾರಗಳಲ್ಲಿ ಕೂಡಿಕೊಂಡಿತು, ಆ ಬೇಸಿಗೆಯಲ್ಲೇ ಅವರು ಇಂಗ್ಲೆಂಡಿನಲ್ಲಿ ಟೆಸ್ಟ್ ಆಡಿದರು. ಭುಜ ಮೊದಲಿನಂತೆ ತಿರುಗುತ್ತದೋ ಇಲ್ಲವೋ ಎಂಬುದನ್ನು ತಿಂಗಳುಗಟ್ಟಲೆ ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಆದರೂ ನಮ್ಮ ನೆನಪು ದವಡೆಯನ್ನು ಹಿಡಿದುಕೊಂಡು ಭುಜವನ್ನು ಕೈಬಿಟ್ಟಿದೆ. ಭಾರತೀಯ ಕ್ರಿಕೆಟಿನ ಗಾಯಗಳ ಚರಿತ್ರೆಯನ್ನು ನಾವು ಬರೆದುಕೊಂಡಿರುವ ರೀತಿಯೇ ಇದು ಎಂಬುದು ನನ್ನ ವಾದ. ಗಾಯವಾದ ಗಳಿಗೆಯನ್ನು, ಆ ಗಳಿಗೆಯ ಕೆಚ್ಚನ್ನು ನಾವು ದಾಖಲಿಸುತ್ತೇವೆ. ಆದರೆ ಆಟಗಾರನ ಬದುಕು ಉಳಿಯುವುದೋ ಮುಗಿಯುವುದೋ ತೀರ್ಮಾನವಾಗುವುದು ಆ ಗಳಿಗೆಯಲ್ಲಲ್ಲ, ಅದರ ಹಿಂದೆ ಬರುವ ಉದ್ದನೆಯ, ಯಾರೂ ನೋಡದ ಕಾಲದಲ್ಲಿ. ಅಲ್ಲಿ ಕೆಚ್ಚಿನಷ್ಟೇ ತೂಕ ವೈದ್ಯಕೀಯ ತಿಳಿವಳಿಕೆಗೆ, ಹಣಕ್ಕೆ, ತೀರ್ಮಾನ ತೆಗೆದುಕೊಳ್ಳುವವರ ಹೊಣೆಗಾರಿಕೆಗೆ ಇದೆ.

ನಾರಿ ಕಂಟ್ರಾಕ್ಟರ್ ಅವರಿಂದ ಶುರುಮಾಡಬೇಕು. 1961-62ರಲ್ಲಿ ಇಂಗ್ಲೆಂಡ್ ವಿರುದ್ಧ ಭಾರತಕ್ಕೆ ಮೊದಲ ಸರಣಿ ಗೆಲುವು ತಂದುಕೊಟ್ಟ ನಾಯಕ ಅವರು. ಅದರ ಬೆನ್ನಿಗೇ ವೆಸ್ಟ್ ಇಂಡೀಸ್ ಪ್ರವಾಸ. 1962ರ ಮಾರ್ಚ್‌ನಲ್ಲಿ ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಬಾರ್ಬಡೋಸ್ ವಿರುದ್ಧದ ಪಂದ್ಯದಲ್ಲಿ ಚಾರ್ಲಿ ಗ್ರಿಫಿತ್ ಎಸೆತ ಅವರ ತಲೆಬುರುಡೆ ಒಡೆಯಿತು. ಆಗ ಯಾರ ತಲೆಯ ಮೇಲೂ ಹೆಲ್ಮೆಟ್ ಇರಲಿಲ್ಲ. ಕಂಟ್ರಾಕ್ಟರ್‌ಗೆ ಆರು ದಿನ ಪ್ರಜ್ಞೆ ಇರಲಿಲ್ಲ. ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವೊರೆಲ್ ರಕ್ತ ಕೊಟ್ಟರು, ಜೊತೆ ಆಟಗಾರರಾದ ಚಂದು ಬೋರ್ಡೆ, ಬಾಪು ನಾಡಕರ್ಣಿ, ಪಾಲಿ ಉಮ್ರಿಗರ್ ಕೊಟ್ಟರು. ಊರಿಗೆ ಮರಳಿದ ಮೇಲೆ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ ಕಂಟ್ರಾಕ್ಟರ್ ತಲೆಗೆ ಲೋಹದ ತಗಡು ಕೂಡಿಸಿದರು. ಇಷ್ಟು ಎಲ್ಲರಿಗೂ ಗೊತ್ತಿರುವ ಕತೆ. ವೊರೆಲ್ ಹೆಸರಿನಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆ ಇಂದಿಗೂ ಪ್ರತಿ ಫೆಬ್ರುವರಿ 3ರಂದು ರಕ್ತದಾನ ನಡೆಸುತ್ತದೆ, ಅದು ದೊಡ್ಡ ಮನಸ್ಸಿನ ನೆನಪು. ಆದರೆ ಕಂಟ್ರಾಕ್ಟರ್ ಕತೆ ಆಸ್ಪತ್ರೆಯಲ್ಲಿ ಮುಗಿಯಲಿಲ್ಲ. ಅವರು ಮತ್ತೆ ಬ್ಯಾಟ್ ಹಿಡಿದರು, 1970-71ರ ತನಕ ಪ್ರಥಮ ದರ್ಜೆ ಪಂದ್ಯಗಳನ್ನು ಆಡಿದರು. ಚೆಂಡು ತಗುಲಿದಾಗ ಅವರಿಗೆ 28 ವರ್ಷ, ಆಡಿದ್ದು 31 ಟೆಸ್ಟ್. ಮೂವತ್ತೆರಡನೆಯದಕ್ಕೆ ಕರೆ ಬರಲೇ ಇಲ್ಲ. ಎಂಟು ವರ್ಷಕ್ಕೂ ಮಿಕ್ಕಿದ ಆ ಕಾಲ ನಮ್ಮ ಕ್ರಿಕೆಟ್ ಪುಸ್ತಕಗಳಲ್ಲಿ ಹೆಚ್ಚೆಂದರೆ ಒಂದು ಸಾಲು. ತಗಡು ಹೊತ್ತ ತಲೆಯೊಂದಿಗೆ ವೇಗದ ಬೌಲರ್‌ಗಳನ್ನು ಮತ್ತೆ ಎದುರಿಸುತ್ತಲೇ ತಂಡದ ಪಟ್ಟಿಯಲ್ಲಿ ಹೆಸರು ಹುಡುಕಿದ ಆ ವರ್ಷಗಳೇ ಗಾಯದ ನಿಜವಾದ ಉದ್ದ.

ಆಯ್ಕೆಗಾರರು ಮಾಡಿದ್ದು ಸರಿಯಲ್ಲವೇ ಎಂದು ಇಲ್ಲಿ ಯಾರಾದರೂ ಕೇಳಬಹುದು. ಇನ್ನೊಂದು ಚೆಂಡು ತಗುಲಿದ್ದರೆ ಜೀವಕ್ಕೇ ಸಂಚಕಾರ, ಅಂಥ ಅಪಾಯಕ್ಕೆ ಯಾರು ಸಹಿ ಹಾಕಿಯಾರು? ಈ ಆಕ್ಷೇಪ ಹಗುರವಾದುದಲ್ಲ. ತಲೆಗಾಯದ ಆಟಗಾರನನ್ನು ವೇಗದ ಬೌಲಿಂಗ್ ಎದುರು ನಿಲ್ಲಿಸಬಾರದೆಂಬುದು ವಿವೇಕವೇ. ಆದರೆ ಅದೇ ಆಟಗಾರ ರಣಜಿಯಲ್ಲಿ ವರ್ಷವರ್ಷವೂ ಅದೇ ಗಟ್ಟಿ ಚೆಂಡನ್ನು ಎದುರಿಸುತ್ತಿದ್ದಾಗ ಯಾರೂ ತಡೆಯಲಿಲ್ಲ. ಅಪಾಯವೇ ಕಾರಣವಾಗಿದ್ದರೆ ಅದು ಎರಡೂ ಕಡೆ ಒಂದೇ ಆಗಬೇಕಿತ್ತು. ಆಡಬಹುದು ಅಥವಾ ಆಡಬಾರದು ಎಂದು ವೈದ್ಯಕೀಯ ಆಧಾರದ ಮೇಲೆ ಒಂದು ಮಾತು ಹೇಳಿ, ಆ ಮಾತಿನ ಹೊಣೆ ಹೊರುವ ವ್ಯವಸ್ಥೆಯೇ ಆಗ ಇರಲಿಲ್ಲ. ಅನುಮಾನದ ಭಾರವೆಲ್ಲ ಗಾಯಗೊಂಡವನ ತಲೆಯ ಮೇಲೇ ಬಿತ್ತು. ಪಾಠ ಕಲಿಯುವುದು ಎಷ್ಟು ತಡವಾಯಿತೆಂದರೆ, ಟೆಸ್ಟ್ ಪಂದ್ಯದಲ್ಲಿ ಮೊದಲ ಬಾರಿ ಹೆಲ್ಮೆಟ್ ತೊಟ್ಟ ಆಸ್ಟ್ರೇಲಿಯಾದ ಗ್ರಹಾಂ ಯಾಲಪ್ ಅದನ್ನು ತೊಟ್ಟದ್ದು ಇದೇ ಬ್ರಿಜ್‌ಟೌನ್ ಮೈದಾನದಲ್ಲಿ, 1978ರ ಮಾರ್ಚ್‌ನಲ್ಲಿ. ನಡುವೆ ಹದಿನಾರು ವರ್ಷ.

ಆ ಹದಿನಾರು ವರ್ಷಗಳ ಒಳಗೇ 1976ರ ಏಪ್ರಿಲ್‌ನ ಕಿಂಗ್‌ಸ್ಟನ್ ಟೆಸ್ಟ್ ಬರುತ್ತದೆ. ಅನ್ಶುಮನ್ ಗಾಯಕ್ವಾಡ್ 81 ರನ್ ಗಳಿಸಿ ಕಿವಿಗೆ ಪೆಟ್ಟು ತಿಂದು ಆಸ್ಪತ್ರೆ ಸೇರಿದರು. ನಮ್ಮ ಗುಂಡಪ್ಪ ವಿಶ್ವನಾಥ್ ಅವರ ಬೆರಳು ಮುರಿಯಿತು, ಬ್ರಿಜೇಶ್ ಪಟೇಲ್ ಅವರ ಬಾಯಿಗೆ ಹೊಲಿಗೆ ಬಿತ್ತು. ಬಿಷನ್ ಸಿಂಗ್ ಬೇಡಿ ಮೊದಲ ಇನಿಂಗ್ಸನ್ನು 6 ವಿಕೆಟಿಗೆ 306ಕ್ಕೆ ಡಿಕ್ಲೇರ್ ಮಾಡಿದರು. ಎರಡನೆಯದು 97ಕ್ಕೆ ನಿಂತಿತು, ಐವರು ಬ್ಯಾಟ್ ಹಿಡಿಯಲಾರದ ಸ್ಥಿತಿಯಲ್ಲಿದ್ದರು. ಈ ಪಂದ್ಯದ ಬಗ್ಗೆ ಬಂದ ಬರಹಗಳಲ್ಲಿ ಬಹುಪಾಲು ಬೌನ್ಸರ್‌ಗಳು ನ್ಯಾಯವೇ, ಬೇಡಿ ಮಾಡಿದ್ದು ಪ್ರತಿಭಟನೆಯೇ ಶರಣಾಗತಿಯೇ ಎಂಬ ಚರ್ಚೆ. ಆ ಐವರು ಊರಿಗೆ ಬಂದ ಮೇಲೆ ಯಾರು ನೋಡಿಕೊಂಡರು, ಕೈಗೆ ಹಿಡಿತ ಹೇಗೆ ಮರಳಿತು, ಬೌನ್ಸರ್ ಎದುರು ಕಣ್ಣು ಮುಚ್ಚದೆ ನಿಲ್ಲಲು ಎಷ್ಟು ದಿನ ಹಿಡಿಯಿತು ಎಂಬ ಚರ್ಚೆ ಕಾಣುವುದಿಲ್ಲ. ಆಗಿನ ಆಟಗಾರರು ಬದುಕು ನಡೆಸುತ್ತಿದ್ದದ್ದು ಬ್ಯಾಂಕ್, ರೈಲ್ವೆ, ಕಾರ್ಖಾನೆಗಳ ನೌಕರಿಯಿಂದ. ಗಾಯವಾದರೆ ಊಟಕ್ಕೆ ತೊಂದರೆ ಇಲ್ಲದಂತೆ ಆ ಸಂಬಳ ಕಾಪಾಡಿತು ನಿಜ. ಆದರೆ ಸ್ನಾಯುವನ್ನು ಮತ್ತೆ ಪಳಗಿಸುವ ಶಾಸ್ತ್ರವನ್ನು ಸಂಬಳ ತಂದುಕೊಡಲಾರದು.

ಆ ಶಾಸ್ತ್ರ ಆಗ ಇರಲೇ ಇಲ್ಲ ಎನ್ನುವಂತಿಲ್ಲ. ಆಸ್ಟ್ರೇಲಿಯಾದ ಡೆನ್ನಿಸ್ ಲಿಲ್ಲಿ 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಸೊಂಟದ ಭಾಗದ ಬೆನ್ನುಮೂಳೆಯಲ್ಲಿ ಸಣ್ಣ ಬಿರುಕುಗಳಾಗಿ ಕುಸಿದರು. ವೇಗದ ಬೌಲರನ ಮುಂಗಾಲು ನೆಲಕ್ಕೆ ಅಪ್ಪಳಿಸುವಾಗ ಮೈತೂಕದ ಐದಾರು ಪಟ್ಟು ಬಲ ಕಾಲಿನ ಮೂಲಕ ಮೇಲಕ್ಕೇರುತ್ತದೆ. ಅದೇ ಕ್ಷಣದಲ್ಲಿ ಸೊಂಟ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಇದು ಸಾವಿರಾರು ಸಲ ಮರುಕಳಿಸಿದಾಗ ಮೂಳೆಗೆ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲು ಸಮಯ ಸಿಗುವುದಿಲ್ಲ. ಹೊರಗೆ ರಕ್ತವಿಲ್ಲ, ಊತವಿಲ್ಲ. ಹಾಗಾಗಿ ಇಂಥ ನೋವನ್ನು ಸುತ್ತಲಿನವರು ನಂಬುವುದೂ ಕಷ್ಟ, ಆಟಗಾರನೇ ನಂಬುವುದೂ ಕಷ್ಟ. ಲಿಲ್ಲಿ ಆರು ವಾರ ಪ್ಲಾಸ್ಟರ್‌ನಲ್ಲಿದ್ದರು. ಆಮೇಲೆ ಪರ್ತ್‌ನ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ತಜ್ಞ ಫ್ರಾಂಕ್ ಪೈಕ್ ಅವರ ಕೈಗೆ ಬಂದರು. ಹೊಟ್ಟೆ, ಬೆನ್ನಿನ ಸ್ನಾಯುಗಳನ್ನು ಕ್ರಮವಾಗಿ ಬಲಪಡಿಸಿ, ಬೌಲಿಂಗ್ ಶೈಲಿಯನ್ನೇ ತಿದ್ದಿ, 1974-75ರ ಆ್ಯಷಸ್‌ಗೆ ಮರಳಿ 25 ವಿಕೆಟ್ ಪಡೆದರು. 1984ರಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿದ್ದ 355 ವಿಕೆಟ್ ಅಂದಿನ ವಿಶ್ವದಾಖಲೆ, ಅದರಲ್ಲಿ ಬಹುಪಾಲು ಬೆನ್ನು ಮುರಿದ ಮೇಲಿನದು. ಅವರ ಛಲ ಅಸಾಧಾರಣವಾದುದು. ಆದರೆ ಆ ಛಲಕ್ಕೆ ಇಂದು ಯಾವ ವ್ಯಾಯಾಮ, ನಾಳೆ ಎಷ್ಟು ಎಸೆತ ಎಂದು ಹೇಳುವವರು ಪಕ್ಕದಲ್ಲಿದ್ದರು. ಲಿಲ್ಲಿಯವರೇ 1987ರಲ್ಲಿ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್‌ಗೆ ಬಂದು ನಮ್ಮ ಹುಡುಗರಿಗೆ ಕಲಿಸಿದರು. ಪರ್ತ್‌ನಿಂದ ಚೆನ್ನೈಗೆ ಆ ತಿಳಿವಳಿಕೆ ಬರಲು ಹದಿಮೂರು ವರ್ಷ ಬೇಕಾಯಿತು.

ಇಲ್ಲಿ ಇನ್ನೊಂದು ಆಕ್ಷೇಪ ಏಳುತ್ತದೆ, ಅದು ನಮ್ಮ ನೆಲದಿಂದಲೇ ಏಳುವಂಥದ್ದು. ಪೋಲಿಯೊದಿಂದ ಸೊರಗಿದ ಬಲಗೈಯಲ್ಲಿ ಮೈಸೂರಿನ ಬಿ.ಎಸ್. ಚಂದ್ರಶೇಖರ್ 242 ಟೆಸ್ಟ್ ವಿಕೆಟ್ ಪಡೆಯಲಿಲ್ಲವೇ? 1961ರ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡ ಪಟೌಡಿ, ಕಂಟ್ರಾಕ್ಟರ್ ಬಿದ್ದಾಗ ಅವರದೇ ಜಾಗದಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ನಾಯಕರಾಗಲಿಲ್ಲವೇ? ವ್ಯವಸ್ಥೆ ಇಲ್ಲದೆಯೂ ಮನೋಬಲದಿಂದ ಗೆದ್ದವರಿದ್ದಾರಲ್ಲ? ಇದ್ದಾರೆ, ಅವರ ಸಾಧನೆಗೆ ತಲೆಬಾಗಲೇಬೇಕು. ಆದರೆ ಅವರಿಬ್ಬರೂ ಟೆಸ್ಟ್ ಕ್ರಿಕೆಟಿಗೆ ಕಾಲಿಡುವ ಮೊದಲೇ ಆ ಕೊರತೆಯೊಂದಿಗೆ ಬದುಕಲು ಕಲಿತಿದ್ದವರು, ತಮ್ಮ ಆಟವನ್ನು ಅದರ ಸುತ್ತಲೇ ಕಟ್ಟಿಕೊಂಡವರು. ಕಟ್ಟಿದ ಆಟ ನಡುವೆ ಕುಸಿಯುವುದು ಬೇರೆ ಸಂಗತಿ. ಅದನ್ನು ತಿಳಿಯಲು ಚಂದ್ರಶೇಖರ್ ಅವರ ಬದುಕನ್ನೇ ನೋಡಬೇಕು. 1967-68ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಗಾಯಗೊಂಡು ನಡುವೆಯೇ ಮರಳಿದರು, ಆಮೇಲೆ ಸ್ಕೂಟರ್ ಅಪಘಾತವೂ ಆಯಿತು. 1971ರ ಇಂಗ್ಲೆಂಡ್ ಪ್ರವಾಸದ ತನಕ, ಮೂರು ವರ್ಷಕ್ಕೂ ಹೆಚ್ಚು ಕಾಲ, ಅವರು ಟೆಸ್ಟ್ ಆಡಲಿಲ್ಲ. ಸ್ಪಿನ್ನರನ ಇಪ್ಪತ್ತೆರಡರಿಂದ ಇಪ್ಪತ್ತಾರರ ನಡುವಿನ ವಯಸ್ಸು ಅದು, ಮರಳಿ ಸಿಗುವುದಿಲ್ಲ. ಆ ಪ್ರವಾಸದ ಓವಲ್ ಟೆಸ್ಟ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ದೇಶಕ್ಕೆ ಸರಣಿ ಗೆದ್ದುಕೊಟ್ಟದ್ದನ್ನು ನಾವು ಪೋಲಿಯೊದ ಕತೆಯೊಂದಿಗೆ ಸೇರಿಸಿ ಹೇಳುತ್ತೇವೆ. ನಡುವಿನ ಮೂರು ವರ್ಷ ಆ ಹೇಳಿಕೆಯಲ್ಲಿ ಕರಗಿಹೋಗುತ್ತದೆ. ಗೆದ್ದವರನ್ನಷ್ಟೇ ಎಣಿಸಿದರೆ ಮನೋಬಲವೇ ಎಲ್ಲಕ್ಕೂ ಮದ್ದೆಂದು ತೋರುವುದು ಸಹಜ, ಮನೋಬಲವಿದ್ದೂ ಮರಳಲಾಗದವರ ಹೆಸರು ಎಣಿಕೆಗೇ ಬಂದಿರುವುದಿಲ್ಲ.

ಜಾವಗಲ್ ಶ್ರೀನಾಥ್ ಅವರ ಭುಜವೂ ಇದನ್ನೇ ಹೇಳುತ್ತದೆ. 1994ರಲ್ಲಿ ಕಪಿಲ್ ದೇವ್ ನಿವೃತ್ತರಾದ ಮೇಲೆ ಭಾರತದ ವೇಗದ ಬೌಲಿಂಗಿನ ಹೊರೆ ಬಹುಮಟ್ಟಿಗೆ ಅವರದಾಯಿತು. 1996-97ರ ಋತುವಿನಲ್ಲಿ ಟೆಸ್ಟ್ ಮೇಲೆ ಟೆಸ್ಟ್, ಅವುಗಳ ನಡುವೆ ಏಕದಿನ ಸರಣಿಗಳು. ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾವನ್ನು 21 ರನ್ನಿಗೆ 6 ವಿಕೆಟ್ ಪಡೆದು ಕೆಡವಿದ ಕೆಲವೇ ತಿಂಗಳಲ್ಲಿ ಭುಜದ ರೊಟೇಟರ್ ಕಫ್ ಸ್ನಾಯು ಕೈಕೊಟ್ಟಿತು. ತೋಳಿನ ಮೂಳೆಯನ್ನು ಅದರ ಗುಳಿಯಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳ ಗುಂಪು ಅದು, ಅದಿಲ್ಲದೆ ವೇಗದ ಬೌಲಿಂಗ್ ಇಲ್ಲ. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆಯಾಯಿತು, ವರ್ಷದ ಕೊನೆಗೆ ಮರಳಿದರು. 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ 132 ರನ್ನಿಗೆ 13 ವಿಕೆಟ್ ಪಡೆದದ್ದು ಹೊಲಿದ ಭುಜದಿಂದ. ಆದರೆ ಅವರ ಮೇಲೆ ಎಷ್ಟು ಓವರ್‌ಗಳ ಭಾರ ಹೇರಬಹುದು ಎಂದು ಲೆಕ್ಕ ಇಡುವ ಪದ್ಧತಿ ಆಗ ನಮ್ಮಲ್ಲಿ ಬೇರೂರಿರಲಿಲ್ಲ. ಅಂಥ ಲೆಕ್ಕ ಇದ್ದಿದ್ದರೆ ಆ ಭುಜ ಅಷ್ಟು ಬೇಗ ಸೋಲುತ್ತಿರಲಿಲ್ಲವೆಂದೇ ನಾನು ತಿಳಿಯುತ್ತೇನೆ. ತಂಡದ ಜೊತೆ ಪೂರ್ಣಾವಧಿಗೆ ವಿದೇಶಿ ಫಿಸಿಯೊ ಆಂಡ್ರ್ಯೂ ಲೀಪಸ್ ಬಂದದ್ದು 1999ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಶುರುವಾದದ್ದು 2000ದಲ್ಲಿ.

ಕುಂಬ್ಳೆಯವರ ಭುಜದ ಕಾಲ ಸರಿಯಾಗಿ ಈ ತಿರುವಿನಲ್ಲಿ ಬಂತು. ಮೈಗೆ ಆರೈಕೆ ಸಿಕ್ಕಿತು. ಮನಸ್ಸಿನ ಮೇಲೆ ಬಿದ್ದದ್ದೇನು? 2001ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಭಾರತ ತನ್ನ ಅತಿ ದೊಡ್ಡ ಸರಣಿಗಳಲ್ಲೊಂದನ್ನು ಗೆದ್ದಿತು. ಈಡನ್ ಗಾರ್ಡನ್ಸ್‌ನಲ್ಲಿ ಲಕ್ಷ್ಮಣ್ ಮತ್ತು ದ್ರಾವಿಡ್ ದಿನವಿಡೀ ಆಡಿದರು, ಹರ್ಭಜನ್ ಸಿಂಗ್ ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಪಡೆದರು. ಹತ್ತು ವರ್ಷ ತಂಡವನ್ನು ಹೊತ್ತ ಬೌಲರ್ ಹೊರಗೆ ಕುಳಿತು ಅದನ್ನು ನೋಡಿದರು. ತಂಡ ಸೋತಾಗ ಹೊರಗಿರುವುದಕ್ಕಿಂತ, ತಾನಿಲ್ಲದೆಯೂ ಗೆದ್ದಾಗ ಹೊರಗಿರುವುದು ಗಾಯಾಳುವಿಗೆ ಹೆಚ್ಚು ಕಠಿಣ. ಗೆಲುವಿಗೆ ಸಂತೋಷಪಡುವ ಮನಸ್ಸೇ ತನ್ನ ಜಾಗ ತುಂಬಿತೆಂದೂ ಲೆಕ್ಕಹಾಕುತ್ತಿರುತ್ತದೆ. ಮರಳಿದ ಮೇಲೂ ವಿದೇಶದ ಟೆಸ್ಟ್‌ಗಳಲ್ಲಿ ಒಬ್ಬನೇ ಸ್ಪಿನ್ನರ್ ಬೇಕಾದಾಗ ಹಲವು ಸಲ ಹರ್ಭಜನ್ ಆಡಿದರು, ಕುಂಬ್ಳೆ ಕಾದರು. 2003-04ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಹರ್ಭಜನ್ ಗಾಯಗೊಂಡಾಗ ಜಾಗ ತೆರೆಯಿತು, ಕುಂಬ್ಳೆ ಮೂರು ಟೆಸ್ಟ್‌ಗಳಲ್ಲಿ 24 ವಿಕೆಟ್ ಪಡೆದರು. ಅವರ 619 ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆಯ ನಂತರದವು. ಆಂಟಿಗಾದ 14 ಓವರ್‌ಗಳ ಧೈರ್ಯ ದೊಡ್ಡದೇ, ಆದರೆ ಆ ಧೈರ್ಯಕ್ಕೆ ಇಡೀ ಮೈದಾನ ಸಾಕ್ಷಿಯಾಗಿತ್ತು. ಭುಜಕ್ಕೆ ಬೇಕಾದ ಧೈರ್ಯಕ್ಕೆ ಯಾರೂ ಸಾಕ್ಷಿ ಇರಲಿಲ್ಲ. ನನ್ನ ತೂಕದಲ್ಲಿ ಎರಡನೆಯದೇ ಹೆಚ್ಚು.

ಈಗ ಕಾಲ ಬದಲಾಗಿದೆ, ಇದೆಲ್ಲ ಹಳೆಯ ಮಾತು ಎನ್ನುವವರಿಗೆ ಉತ್ತರಿಸುವುದು ಬಾಕಿ ಇದೆ. ಬದಲಾಗಿರುವುದು ನಿಜ. 2023ರಲ್ಲಿ ಜಸ್‌ಪ್ರೀತ್ ಬುಮ್ರಾ ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಮರಳಿ, ಮರುವರ್ಷ ಟಿ20 ವಿಶ್ವಕಪ್ಪಿನ ಸರಣಿಶ್ರೇಷ್ಠರಾದರು. 2023ರ ಮೇ ತಿಂಗಳಲ್ಲಿ ತೊಡೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಕೆ.ಎಲ್. ರಾಹುಲ್ ಅದೇ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ವಿರುದ್ಧ ಶತಕ ಹೊಡೆದರು. ತಲೆಗೆ ಪೆಟ್ಟಾದವನ ಬದಲಿಗೆ ಬೇರೊಬ್ಬನನ್ನು ಆಡಿಸುವ ನಿಯಮ 2019ರಿಂದ ಇದೆ. ಕಂಟ್ರಾಕ್ಟರ್ ಕಾಲದಲ್ಲಿ ಇಲ್ಲದಿದ್ದ ಹೊಣೆಗಾರಿಕೆ ಇಂದು ಇದೆ ಎಂಬುದನ್ನು ಒಪ್ಪಲೇಬೇಕು. ಆದರೆ ಅದು ಯಾರಿಗಿದೆ? ಭಾರತೀಯ ಕ್ರಿಕೆಟ್ ಮಂಡಳಿಯ ವಾರ್ಷಿಕ ಗುತ್ತಿಗೆ ಇರುವ ಪುರುಷ ಆಟಗಾರರು ಮೂವತ್ತರ ಆಸುಪಾಸು. ರಣಜಿ ಮಟ್ಟದಲ್ಲಿ 38 ತಂಡಗಳಿವೆ, ತಂಡಕ್ಕೆ ಹದಿನೈದು ಜನರೆಂದು ಹಿಡಿದರೂ ಐನೂರಕ್ಕೂ ಹೆಚ್ಚು ಆಟಗಾರರು. ಅವರ ಮುಖ್ಯ ಸಂಪಾದನೆ ಪಂದ್ಯ ಶುಲ್ಕ. 2021ರಲ್ಲಿ ಹೆಚ್ಚಿಸಿದ ದರದಂತೆ ಅದು ಅನುಭವಕ್ಕೆ ತಕ್ಕಂತೆ ದಿನಕ್ಕೆ 40ರಿಂದ 60 ಸಾವಿರ ರೂಪಾಯಿ. ಅಂಕಿ ದೊಡ್ಡದೇ, ಆದರೆ ಅದು ತಂಡದಲ್ಲಿದ್ದವನಿಗೆ ಸಲ್ಲುವ ಹಣ. ಹರೆಯದ ವೇಗದ ಬೌಲರ್‌ಗಳ ಬೆನ್ನುಮೂಳೆ ಪೂರ್ತಿ ಬಲಿತಿರುವುದಿಲ್ಲವಾದ್ದರಿಂದ ಬಿರುಕು ಬಿಡುವ ಸಾಧ್ಯತೆ ಅವರಿಗೇ ಹೆಚ್ಚು. ಆ ಬಿರುಕು ಕೂಡಲು ನಾಲ್ಕರಿಂದ ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ದೇಶೀಯ ಋತು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಋತುವಿನ ಮೊದಲ ಪಂದ್ಯದಲ್ಲಿ ಬೆನ್ನು ಹಿಡಿದುಕೊಂಡ ಇಪ್ಪತ್ತರ ಹುಡುಗನಿಗೆ ಆ ವರ್ಷದ ಆಟವೂ ಇಲ್ಲ, ಶುಲ್ಕವೂ ಇಲ್ಲ. ಮರುವರ್ಷದ ಆಯ್ಕೆ ಸಭೆಯಲ್ಲಿ ತೋರಿಸಲು ಅವನ ಬಳಿ ಒಂದು ವಿಕೆಟ್ಟೂ ಇರುವುದಿಲ್ಲ.