ಗುಲಾಬಿಯ ರಾಶಿ ಮತ್ತು ಸಿರಿಯಾದ ಬಾಲಕ

ಪ್ರಾಚೀನ ರೋಮ್ ಎಂದೊಡನೆ ನಮ್ಮ ಕಣ್ಣ ಮುಂದೆ ಅಮೃತಶಿಲೆಯ ಮೆಟ್ಟಿಲುಗಳು, ನೀಲಿ ಸಮುದ್ರ, ನೀಳ ಉಡುಪಿನ ಬೆಳ್ಳನೆಯ ಹೆಂಗಸರು ಬಂದು ನಿಲ್ಲುತ್ತಾರೆ. ಈ ರೋಮನ್ನು ಕಟ್ಟಿದವರು ಸೀಸರರಿಗಿಂತ ಹೆಚ್ಚಾಗಿ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನ ಚಿತ್ರಕಾರರು. ಅವರಲ್ಲಿ ಮುಂಚೂಣಿಯವನು ಲಾರೆನ್ಸ್ ಅಲ್ಮಾ ತಡೆಮಾ. 1836ರಲ್ಲಿ ನೆದರ್ಲೆಂಡ್ಸಿನ ಹಳ್ಳಿಯೊಂದರಲ್ಲಿ ಹುಟ್ಟಿ, 1870ರಲ್ಲಿ ಲಂಡನ್ನಿಗೆ ಬಂದು ನೆಲೆಸಿದವನು.

1863ರಲ್ಲಿ, ಮದುವೆಯಾದ ಹೊಸತರಲ್ಲಿ, ಪಾಂಪೆ ನಗರದ ಅವಶೇಷಗಳನ್ನು ಕಂಡದ್ದು ಅವನ ಕುಂಚದ ದಿಕ್ಕನ್ನೇ ಬದಲಿಸಿತು. ಯುದ್ಧಗಳನ್ನು ಬದಿಗಿಟ್ಟು ಸ್ನಾನಗೃಹ, ಹೂವಿನ ಅಂಗಡಿ, ಮನೆಯ ಹರಟೆಗಳನ್ನು ಬರೆದ. ಅಗೆತದಲ್ಲಿ ಸಿಕ್ಕ ಪಾತ್ರೆ, ದೀಪ, ನೆಲಹಾಸುಗಳ ಸಾವಿರಾರು ಫೋಟೋ, ನಕಾಶೆಗಳನ್ನು ಕೂಡಿಹಾಕಿ, ಅಳತೆ ತಪ್ಪದಂತೆ ಚಿತ್ರಿಸಿದ. ವಸ್ತುಗಳ ವಿಷಯದಲ್ಲಿ ಅವನನ್ನು ನಂಬಬಹುದು. ಮನುಷ್ಯರ ವಿಷಯದಲ್ಲಿ?

1888ರ ‘ಹೆಲಿಯೊಗಬಾಲಸನ ಗುಲಾಬಿಗಳು’ ಚಿತ್ರವನ್ನೇ ನೋಡೋಣ. ಔತಣಕ್ಕೆ ಬಂದವರ ಮೇಲೆ ಗುಲಾಬಿ ಎಸಳುಗಳ ಪ್ರವಾಹ; ಉಸಿರುಗಟ್ಟಿ ಸಾಯಲಿರುವ ಅವರನ್ನು ಮೇಲಿನಿಂದ ತಣ್ಣಗೆ ನೋಡುತ್ತಿರುವ ಹರೆಯದ ಚಕ್ರವರ್ತಿ. ಚಳಿಗಾಲದಲ್ಲಿ ಹೂ ಸಿಗದೆ ಫ್ರಾನ್ಸಿನ ದಕ್ಷಿಣ ಕರಾವಳಿಯಿಂದ ವಾರವಾರವೂ ಗುಲಾಬಿ ತರಿಸಿ ಬರೆದನಂತೆ. ಕೊಂಡವನು ಜಾನ್ ಏರ್ಡ್. ಕೊಟ್ಟದ್ದು 4,000 ಪೌಂಡು.

ಹೆಲಿಯೊಗಬಾಲಸ್ ಸಿರಿಯಾದ ಎಮೆಸಾದ, ಅಂದರೆ ಇಂದಿನ ಹೋಮ್ಸಿನ, ಪುರೋಹಿತ ಮನೆತನದವನು. 218ರಲ್ಲಿ ಸುಮಾರು 14ನೇ ವಯಸ್ಸಿಗೆ ಪಟ್ಟ, 222ರಲ್ಲಿ ಕೊಲೆ. ಹೂವಿನ ಕತೆ ಬರುವುದು ಅವನು ಸತ್ತು ನೂರು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ ಬರೆದ, ಇತಿಹಾಸಕಾರರು ನಂಬಲು ಹಿಂಜರಿಯುವ ಗ್ರಂಥವೊಂದರಲ್ಲಿ. ಅಲ್ಲಿಯೂ ಹೆಸರಿಸಿರುವುದು ನೇರಳೆ ಬಣ್ಣದ ವಯಲೆಟ್ ಹೂ, ಗುಲಾಬಿಯಲ್ಲ! ಪೂರ್ವದೇಶದವನೆಂದರೆ ವಿಲಾಸಿ, ಕ್ರೂರಿ ಎಂಬ ಪೂರ್ವಗ್ರಹ ರೋಮನ್ನರಲ್ಲಿ ಇತ್ತು. 1882ರಲ್ಲಿ ಈಜಿಪ್ಟನ್ನು ವಶಪಡಿಸಿಕೊಂಡಿದ್ದ ಬ್ರಿಟನ್ನಿಗೂ ಅದು ಹಿತವಾಗಿಯೇ ಇತ್ತು. ಚಿತ್ರ ಕೊಂಡ ಏರ್ಡ್ ಮುಂದೆ ಅದೇ ಈಜಿಪ್ಟಿನಲ್ಲಿ, 1902ರಲ್ಲಿ ಪೂರ್ಣಗೊಂಡ ಅಸ್ವಾನ್ ಅಣೆಕಟ್ಟೆಯ ಗುತ್ತಿಗೆದಾರನಾದ.

ಇನ್ನು ಆ ಅಮೃತಶಿಲೆಯನ್ನು ತೊಳೆದವರು, ಸ್ನಾನದ ನೀರು ಕಾಯಿಸಿದವರು? ಈ ಚಿತ್ರಗಳಲ್ಲಿ ಗುಲಾಮರು ಬಂದರೂ ಅಂಚಿನಲ್ಲಿ ನಿಲ್ಲುತ್ತಾರೆ. 2021ರಲ್ಲಿ ಪಾಂಪೆಯ ಹೊರವಲಯದ ಸಿವಿಟಾ ಜೂಲಿಯಾನಾ ಎಂಬಲ್ಲಿ ಗುಲಾಮರದೆಂದು ಪುರಾತತ್ವಜ್ಞರು ಗುರುತಿಸಿದ ಕೋಣೆಯೊಂದು ಸಿಕ್ಕಿತು. ವಿಸ್ತಾರ 16 ಚದರ ಮೀಟರ್. ಮೂರು ಮಂಚ, ಅದರಲ್ಲೊಂದು 1.4 ಮೀಟರ್ ಉದ್ದದ್ದು, ಬಹುಶಃ ಮಗುವಿನದು. ಮೂಲೆಗಳಲ್ಲಿ ಮಣ್ಣಿನ ಜಾಡಿಗಳು, ಒಂದು ಮರದ ಪೆಟ್ಟಿಗೆ, ಬೆಳಕಿಗೆ ಎತ್ತರದಲ್ಲೊಂದು ಸಣ್ಣ ಕಿಂಡಿ. ಗೋಡೆಗಳ ಮೇಲೆ ಒಂದು ಚಿತ್ರವೂ ಇಲ್ಲ.