ಫೈಬರ್ ಹರಿಗೋಲು

ಗಾಜಿನೆಳೆ ಮತ್ತು ಪಾಲಿಯೆಸ್ಟರ್ ರೆಸಿನ್ ಸೇರಿಸಿ ಅಚ್ಚಿನ ಮೇಲೆ ಪದರ ಪದರವಾಗಿ ಕಟ್ಟಿದ ದುಂಡನೆಯ ಸಣ್ಣ ದೋಣಿ. ಕೆರೆ, ಹೊಳೆ, ಜಲಾಶಯಗಳಲ್ಲಿ ಮೀನು ಹಿಡಿಯಲು ಬಳಕೆ. ತಮಿಳಿನಲ್ಲಿ ಹರಿಗೋಲಿಗೆ ಪರಿಸಲ್ ಎನ್ನುತ್ತಾರೆ. ತುಂಗಭದ್ರೆ, ಕಾವೇರಿ ತೀರಗಳಲ್ಲಿ ಹಿಂದಿನಿಂದಲೂ ಇದ್ದ ಬಿದಿರಿನ ಹರಿಗೋಲಿನ ರೂಪವನ್ನೇ ಇದು ಉಳಿಸಿಕೊಂಡಿದೆ, ಬದಲಾಗಿರುವುದು ಮೈ ಮಾತ್ರ. ಒಳನಾಡು ಮೀನುಗಾರರಿಗೆ ಫೈಬರ್ ಹರಿಗೋಲುಗಳನ್ನು ಕೊಡುವ ಯೋಜನೆಯನ್ನು ಕರ್ನಾಟಕದ ಮೀನುಗಾರಿಕೆ ಇಲಾಖೆ ನಡೆಸಿಕೊಂಡು ಬಂದಿದೆ.

ಹಳೆಯ ಹರಿಗೋಲೆಂದರೆ ಸೀಳಿದ ಬಿದಿರಿನಿಂದ ಹೆಣೆದ ಬುಟ್ಟಿ. ಅದರ ಹೊರಮೈಗೆ ತೊಗಲು ಬಿಗಿಯುತ್ತಿದ್ದರು. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದುಂಡು ದೋಣಿಗಳನ್ನು ಕಂಡು, ಜನರಷ್ಟೇ ಅಲ್ಲದೆ ಅಗತ್ಯ ಬಿದ್ದರೆ ಎತ್ತು ಕುದುರೆಗಳೂ ಅವುಗಳಲ್ಲಿ ಹೊಳೆ ದಾಟಬಲ್ಲವೆಂದು ಬರೆದಿಟ್ಟಿದ್ದಾನೆ. ಮುಂದೆ ತೊಗಲಿನ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂತು. ಬಿದಿರು ಕೊಳೆಯುತ್ತದೆ, ಹಾಳೆ ಹರಿಯುತ್ತದೆ. ಪದೇ ಪದೇ ಡಾಂಬರು ಬಳಿಯುವ ಕೆಲಸವಂತೂ ತಪ್ಪುವುದಿಲ್ಲ. ಫೈಬರಿಗೆ ಮೀನುಗಾರರು ಒಲಿದದ್ದು ಈ ಕಾಟ ತಪ್ಪಲೆಂದು. ಕಡಲ ಕರೆಯ ದೋಣಿಗಳು ಫೈಬರಿಗೆ ತಿರುಗಿದ ಕಾರಣ ಬೇರೆ. ಅಲ್ಲಿ ದೋಣಿಗೆ ಬೇಕಾದ ಹೆಬ್ಬಲಸು, ಮಾವಿನಂಥ ದೊಡ್ಡ ಮರಗಳು ದುಬಾರಿಯಾದವು. ತಮಿಳುನಾಡಿನ ಕರಾವಳಿಯಲ್ಲಿ 2004ರ ಸುನಾಮಿಯ ನಂತರ ಪರಿಹಾರವಾಗಿ ಬಂದ ಫೈಬರ್ ದೋಣಿಗಳು ಕಟ್ಟುಮರಗಳನ್ನು ಬಹುಮಟ್ಟಿಗೆ ಬದಿಗೆ ಸರಿಸಿದವು.

ತಮಿಳುನಾಡಿನದೇ ಆದ ತೇನಿ ಜಿಲ್ಲೆಗೆ ಕಡಲಿಲ್ಲ, ಅಣೆಕಟ್ಟಿದೆ. ಆಂಡಿಪಟ್ಟಿಯ ಬಳಿ ವೈಗೈ ನದಿಗೆ ಕಟ್ಟಿದ ಈ ಅಣೆ 1959ರಲ್ಲಿ ಉದ್ಘಾಟನೆಯಾಯಿತು. ಅದರ ಎತ್ತರ 111 ಅಡಿ, ನೀರು ನಿಲ್ಲುವ ಪೂರ್ಣಮಟ್ಟ 71 ಅಡಿ. ಮುಲ್ಲಪೆರಿಯಾರ್ ಅಣೆಕಟ್ಟಿನಿಂದ ಜಿಲ್ಲೆಯ ಕಂಬಂ ಕಣಿವೆಗೆ ಇಳಿದ ನೀರೂ ಕೊನೆಗೆ ಇಲ್ಲಿಗೇ ಸೇರುತ್ತದೆ. ಈ ನೀರಿಗಿಳಿಯುವವರು ಅಣೆಯ ಸುತ್ತಲಿನ ಮೀನುಗಾರರು. ಇವರು ಪರಿಸಲಿನಲ್ಲಿ ಹೋಗಿ ಬಲೆ ಬಿಟ್ಟು, ಕಾಟ್ಲ, ರೋಹು, ಜಿಲೇಬಿ ಮೀನುಗಳನ್ನು ಹಿಡಿಯುತ್ತಾರೆ.

ಇಂಥ ಜಲಾಶಯದಲ್ಲಿ ನೀರಿನ ಅಂಚು ಒಂದೇ ಕಡೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ದಡದ ಮರದ ಬುಡಕ್ಕೆ ಬಂದ ನೀರು ಬೇಸಿಗೆಯಲ್ಲಿ ದೂರ ಸರಿದು, ಕಲ್ಲು, ಗರಸು, ಹಳೆಯ ಬೊಡ್ಡೆಗಳು ಹೊರಬೀಳುತ್ತವೆ. ಬಿದಿರಿನ ಹರಿಗೋಲನ್ನು ತಲೆಯ ಮೇಲೆ ಕವುಚಿ ಹೊತ್ತೊಯ್ಯುತ್ತಿದ್ದರು. ಫೈಬರಿನದಕ್ಕೆ ಏನೂ ಆಗುವುದಿಲ್ಲವೆಂಬ ಧೈರ್ಯದಿಂದ ಅದನ್ನು ಎಳೆದೇ ಒಯ್ಯುತ್ತಾರೆ. ಈ ಧೈರ್ಯವೇ ಅದಕ್ಕೆ ಮುಳುವು. ಮೊದಲು ಸವೆಯುವುದು ಹೊರಗಿನ ಬಣ್ಣದ ಪದರವಾದ ಜೆಲ್‌ಕೋಟ್. ಅದು ಹೋದಲ್ಲಿ ಬಿಳಿ ಎಳೆಗಳು ಹೊರಗೆ ಕಾಣುತ್ತವೆ, ಆ ಎಳೆಗಳ ಗುಂಟ ನೀರು ಒಳಕ್ಕೆ ಏರುತ್ತದೆ. ಫೈಬರ್ ಕೊಳೆಯುವುದಿಲ್ಲವೆಂಬುದು ನಿಜ. ಆದರೆ ಪದರ ಪದರಗಳ ನಡುವೆ ನೀರು ಹೊಕ್ಕು ಅಂಟು ಬಿಟ್ಟರೆ ನೋಟಕ್ಕೆ ಗಟ್ಟಿಯಾಗಿಯೇ ಕಾಣುವ ತಳ ಒಳಗೊಳಗೇ ಟೊಳ್ಳಾಗಿರುತ್ತದೆ.

ಆದ್ದರಿಂದ ಹಳೆಯ ದೋಣಿಯನ್ನು ಕೊಳ್ಳುವವರು ಬಣ್ಣ ನೋಡಿ ಮರುಳಾಗಬಾರದು. ಕವುಚಿ ಹಾಕಿ ನಾಣ್ಯದಿಂದಲೋ ಸಣ್ಣ ಸುತ್ತಿಗೆಯಿಂದಲೋ ತಳವನ್ನೆಲ್ಲ ಗೇಣು ಗೇಣಿಗೂ ತಟ್ಟಬೇಕು. ಪದರಗಳು ಕೂಡಿಕೊಂಡಿರುವಲ್ಲಿ ಚುರುಕಾದ ಟಣ್ ಸದ್ದು, ಬಿಟ್ಟಿರುವಲ್ಲಿ ಮಂದವಾದ ಡಬ್ ಸದ್ದು. ಡಬ್ ಎಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತ ಹೋದರೆ ಕೊನೆಗೆ ರೋಗದ ನಕ್ಷೆ ಕಣ್ಣೆದುರಿಗಿರುತ್ತದೆ. ನಂತರ ಅಂಚಿನ ಪಟ್ಟಿಯನ್ನು ನೋಡಬೇಕು. ದುಂಡು ದೋಣಿಯ ಬಿಗಿ ನಿಂತಿರುವುದು ಈ ಅಂಚಿನ ಮೇಲೆ. ಅಲ್ಲಿ ಬಿರುಕಿದ್ದರೆ ಹುಟ್ಟು ಹಾಕಿದಾಗಲೆಲ್ಲ ಇಡೀ ಮೈ ನಲುಗುತ್ತದೆ. ಎಂಜಿನ್ ಕಟ್ಟುವ ಉದ್ದನೆಯ ಫೈಬರ್ ದೋಣಿಯಾದರೆ ಹಿಂಬದಿಯ ಹಲಗೆಯನ್ನು ಮೊದಲು ಪರೀಕ್ಷಿಸಬೇಕು. ಅದರೊಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ, ಬೋಲ್ಟಿನ ತೂತುಗಳಿಂದ ನೀರು ಇಳಿದು ಅದು ಕೊಳೆತಿರಬಹುದು.

ದುರಸ್ತಿಯ ಮೊದಲ ಹೆಜ್ಜೆ ಒಣಗಿಸುವುದು. ಎಲ್ಲರಿಗೂ ಅವಸರ ಹುಟ್ಟುವುದೂ ಇಲ್ಲಿಯೇ. ಒದ್ದೆ ಎಳೆಯ ಮೇಲೆ ಹಾಕಿದ ತೇಪೆ ಒಂದು ಮಳೆಗಾಲ ದಾಟುವುದಿಲ್ಲ. ಚೆನ್ನಾಗಿ ಒಣಗಿದ ಮೇಲೆ ಕೆಟ್ಟ ಭಾಗವನ್ನು ಗ್ರೈಂಡರಿನಿಂದ ಗಟ್ಟಿ ಪದರ ಸಿಗುವವರೆಗೆ ಉಜ್ಜಿ ತೆಗೆಯುತ್ತಾರೆ. ಗುಂಡಿಯ ಅಂಚನ್ನು ನೇರವಾಗಿ ಕಡಿಯದೆ ತಟ್ಟೆಯ ಅಂಚಿನಂತೆ ಇಳಿಜಾರು ಮಾಡುತ್ತಾರೆ. ಇಳಿಜಾರು ಅಗಲವಾದಷ್ಟೂ ಹೊಸ ಪದರಕ್ಕೆ ಹಿಡಿತ ಹೆಚ್ಚು. ದಪ್ಪದ ಹನ್ನೆರಡು ಪಟ್ಟು ಅಗಲ ಕೊಡುವುದು ಒಳ್ಳೆಯ ರೂಢಿ. ಉಜ್ಜುವಾಗ ಏಳುವ ಗಾಜಿನ ಧೂಳು ಮೈಗೆ ಬಿದ್ದರೆ ದಿನವಿಡೀ ಕೆರೆತ, ಪುಪ್ಪುಸಕ್ಕೆ ಹೋದರೆ ಇನ್ನೂ ಕೆಡುಕು. ತುಂಬುತೋಳಿನ ಅಂಗಿ, ಕನ್ನಡಕ, ಒಳ್ಳೆಯ ಮಾಸ್ಕ್ ಬೇಕೇ ಬೇಕು.

ಮುಂದಿನದು ಮ್ಯಾಟ್ ಹಾಕುವ ಕೆಲಸ. ಮ್ಯಾಟ್ ಎಂದರೆ ತುಂಡು ಗಾಜಿನೆಳೆಗಳ ಹಾಸು, ಚದರ ಮೀಟರಿಗೆ 300 ಅಥವಾ 450 ಗ್ರಾಂ ತೂಕದ್ದು ಬಳಕೆಯಲ್ಲಿದೆ. ಅದರ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಬೇಕಾಗುತ್ತದೆ. ರೆಸಿನ್‌ಗೆ ಮೊದಲು ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಸೇರಿಸಿ ಚೆನ್ನಾಗಿ ಕಲಸಿ, ಹಚ್ಚುವ ಹೊತ್ತಿಗೆ ನೂರಕ್ಕೆ ಒಂದೆರಡು ಪಾಲು ಹಾರ್ಡನರ್ ಹಾಕುತ್ತಾರೆ. ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಸುರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಎರಡು ಬಾಟಲಿಗಳನ್ನೂ ದೂರ ದೂರ ಇಡುವುದು ಈ ಕೆಲಸದ ಮೊದಲ ನಿಯಮ. ತೇನಿಯ ಬಿಸಿಲಿನಲ್ಲಿ ಕಲಸಿದ ರೆಸಿನ್ ಬಹಳ ಬೇಗ ಗಟ್ಟಿಯಾಗುತ್ತದೆ. ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ, ಸ್ವಲ್ಪ ಸ್ವಲ್ಪವೇ ಕಲಸುವುದು ಜಾಣತನ. ಹಾಸಿದ ಮ್ಯಾಟನ್ನು ಬ್ರಷ್ಷಿನಿಂದ ಕುಟ್ಟಿ, ರೋಲರ್ ಉರುಳಿಸಿ ಗಾಳಿಗುಳ್ಳೆ ಹೊರಡಿಸಬೇಕು. ಬಿಳಿಯ ಮ್ಯಾಟ್ ರೆಸಿನ್ ಕುಡಿದು ಪಾರದರ್ಶಕವಾದರೆ ಸರಿ. ಬಿಳಿ ಚುಕ್ಕೆ ಉಳಿದಿದ್ದರೆ ಅಲ್ಲಿ ಗಾಳಿ ಇದೆಯೆಂದೇ ಲೆಕ್ಕ. ಕೊನೆಯ ಕೋಟಿಗೆ ಮೇಣ ಸೇರಿಸಿರಬೇಕು, ಇಲ್ಲವಾದರೆ ಗಾಳಿಗೆ ತೆರೆದ ಪಾಲಿಯೆಸ್ಟರ್ ಅಂಟಂಟಾಗಿಯೇ ಉಳಿಯುತ್ತದೆ. ಎಂ-ಸೀಲ್ ಮೆತ್ತುವುದು ದಡ ಸೇರುವವರೆಗಿನ ಉಪಾಯ, ದುರಸ್ತಿಯಲ್ಲ.

ತೇಲುಶಕ್ತಿಗೆಂದು ಆಸನದಡಿಯಲ್ಲಿ ಥರ್ಮಕೋಲ್ ತುಂಬಿ ಅದರ ಮೇಲೆ ನೇರವಾಗಿ ರೆಸಿನ್ ಹಚ್ಚುವವರಿದ್ದಾರೆ. ರೆಸಿನ್‌ನಲ್ಲಿರುವ ಸ್ಟೈರೀನ್ ಥರ್ಮಕೋಲನ್ನು ಕರಗಿಸಿಬಿಡುತ್ತದೆ. ಪಾಲಿಯುರಿಥೇನ್ ಫೋಮ್ ಹಾಕಬೇಕು. ತೇಲುವ ಸಾಮಗ್ರಿಯಿಲ್ಲದ ಫೈಬರ್ ದೋಣಿ ನೀರು ತುಂಬಿದರೆ ಮುಳುಗುತ್ತದೆ. ಬಿದಿರಿಗಿದ್ದ ತೇಲುವ ಗುಣ ಗಾಜಿಗಿಲ್ಲ.

ದುಂಡು ದೋಣಿಗೆ ತಳದುದ್ದಕ್ಕೂ ಇರುವ ದಿಂಡು (ಕೀಲ್) ಇಲ್ಲದ್ದರಿಂದ ಒಂಟಿ ಹುಟ್ಟನ್ನು ಒಂದೇ ಪಕ್ಕಕ್ಕೆ ಹಾಕಿದರೆ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಹುಟ್ಟನ್ನು ಮುಂದೆ ಹಿಡಿದು ಅತ್ತಿತ್ತ ತಿರುವುತ್ತ ನೀರನ್ನು ತನ್ನತ್ತ ಸೆಳೆದುಕೊಳ್ಳಬೇಕು. ಕೈಗೆ ಒಮ್ಮೆ ಹತ್ತಿದ ಮೇಲೆ ಗಾಳಿಯಿಲ್ಲದ ಬೆಳಗಿನಲ್ಲಿ ಗಾಳ ಹಿಡಿದು ಕೂರಲು ಇದಕ್ಕಿಂತ ಒಳ್ಳೆಯ ದೋಣಿ ಇಲ್ಲವೆನ್ನಬಹುದು: ಎಂಜಿನ್ನಿನ ಸದ್ದಿಲ್ಲ, ಮೊಣಕಾಲುದ್ದದ ನೀರಿನಲ್ಲೂ ಸಾಗುತ್ತದೆ. ಆದರೆ ಜಲಾಶಯದ ಮೀನಿಗೆ ಹಕ್ಕುದಾರರಿರುತ್ತಾರೆ. ಹವ್ಯಾಸಿಗಳು ಇಲಾಖೆಯ ಅನುಮತಿ ಕೇಳಿಯೇ ಇಳಿಯಬೇಕು. ಬರೀ ದೋಣಿವಿಹಾರ ಸಾಕೆನ್ನುವವರಿಗೆ ಪಕ್ಕದ ದಿಂಡಿಗಲ್ ಜಿಲ್ಲೆಯಲ್ಲಿ 1863ರಲ್ಲಿ ರೂಪುಗೊಂಡ ಕೊಡೈಕೆನಾಲ್ ಕೆರೆಯಿದೆ.

ಕುಳಿತಲ್ಲಿಂದ ಏಳದಿರುವುದು ಹರಿಗೋಲಿನ ಶಿಸ್ತು. ದೋಣಿ ಯಾವುದರಿಂದ ಮಾಡಿದ್ದು ಎಂಬುದಕ್ಕಿಂತ ಭಾರ ಎಲ್ಲಿ ಕೂತಿದೆ ಎಂಬುದು ಮುಖ್ಯ. ಕಂಬಂ ಕಣಿವೆಯ ನೆತ್ತಿಯಲ್ಲಿರುವ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಮಗುಚಿ 45 ಜನರ ಸಾವಿಗೆ ಕಾರಣವಾದ ಎರಡಂತಸ್ತಿನ ಪ್ರವಾಸಿ ದೋಣಿ ಜಲಕನ್ಯಕವೂ ಫೈಬರಿನದೇ ಆಗಿತ್ತು. ಒಬ್ಬರಿದ್ದರೂ ಲೈಫ್ ಜಾಕೆಟ್ ತೊಟ್ಟಿರಬೇಕು.

ತಳದ ಅರ್ಧದಷ್ಟು ಡಬ್ ಎಂದರೆ ಆ ದೋಣಿಯ ಆಸೆ ಬಿಡುವುದು ಮೇಲು. ಅಲ್ಲಲ್ಲಿ ಮಾತ್ರವಾದರೆ, ಅಂಚು ಗಟ್ಟಿಯಿದ್ದರೆ, ಹೊಸದನ್ನು ಕೊಳ್ಳುವ ಮೊದಲು ದುರಸ್ತಿಯ ಲೆಕ್ಕ ಹಾಕಿ ನೋಡಬೇಕು. ಒಮ್ಮೆ ಗಟ್ಟಿಯಾದ ಪಾಲಿಯೆಸ್ಟರನ್ನು ಮತ್ತೆ ಕರಗಿಸಿ ಎರಕ ಹೊಯ್ಯಲು ಬರುವುದಿಲ್ಲ, ಸುಟ್ಟರೆ ವಿಷದ ಹೊಗೆ. ಹೀಗಾಗಿ ಕೈಬಿಟ್ಟ ಫೈಬರ್ ದೋಣಿಗಳು ಗುಜರಿಗೂ ಹೋಗದೆ ದಡದಲ್ಲೇ ಬಿದ್ದಿರುತ್ತವೆ.